ಟ್ರಂಕಿನ ಕೀಲಿಕೈ ಕೇಳದವರು ಫೋನಿನ ಲಾಕ್ ನಂಬರು ಯಾಕೆ ಕೇಳ್ತಾರೆ?

ಕಲಬುರಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅಧ್ಯಕ್ಷರಿಗೆ, ಸದಸ್ಯ ಕಾರ್ಯದರ್ಶಿಯವರಿಗೆ, ಹಾಗೇ ಗಂಡ-ಹೆಂಡತಿ ಜಗಳ ಬಗೆಹರಿಸಲು ಕೂಡುವ ನಮ್ಮ ಜಿಲ್ಲೆಯ ಎಲ್ಲ ಹಿರಿಯರಿಗೆ,

ನಮಸ್ಕಾರ.

ನಾನು ಶಹಾಬಜಾರ್ ಕಡೆ ಹೊಲಿಗೆ ಅಂಗಡಿ ಇಟ್ಟವಳು. 22 ವರ್ಷ ಆಯಿತು. ಜಂಪರ್, ಲಂಗ, ಮಕ್ಕಳ ಫ್ರಾಕು, ಸೀರೆಗೆ ಫಾಲ್, ಇಷ್ಟೇ ನನ್ನ ಕೆಲಸ. ಆದರೆ ಮಷೀನಿನ ಮುಂದೆ ಕೂತವಳಿಗೆ ಊರಿನ ಅರ್ಧ ಸುದ್ದಿ ತಾನಾಗೇ ಬಂದು ಬೀಳುತ್ತದೆ. ಅಳತೆ ತಗೊಳ್ಳುವಾಗ ಹೆಣ್ಣುಮಕ್ಕಳು ಮಾತಾಡುತ್ತಾರೆ. ಬೆನ್ನು ಕೊಟ್ಟು ನಿಂತಿರುತ್ತಾರಲ್ಲ, ಮುಖ ಕಾಣುವುದಿಲ್ಲ, ಅದಕ್ಕೇ ಇರಬೇಕು.

ಹೋದ ಶ್ರಾವಣದಲ್ಲಿ ಒಬ್ಬ ಹುಡುಗಿ ಬಂದಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಕೈಯಲ್ಲಿ ನನ್ನದಕ್ಕಿಂತ ದೊಡ್ಡ ಫೋನು.

"ಅಕ್ಕೋರೆ, ನಿಮ್ಮ ಫೋನ್ ಸ್ವಲ್ಪ ಕೊಡ್ರಿ, ನಮ್ಮವ್ವಗ ಒಂದ್ ಫೋನ್ ಹಚ್ತೀನಿ" ಅಂದಳು.

"ಯಾಕವ್ವ, ನಿಂದ್ರಾಗ ಬ್ಯಾಲೆನ್ಸ್ ಇಲ್ಲೇನು?"

"ಐತ್ರಿ. ಎಲ್ಲಾ ಐತ್ರಿ."

ಕೊಟ್ಟೆ. ಮೂಲೆಗೆ ಹೋಗಿ ಮಾತಾಡಿದಳು. ಗುಟ್ಟಿನ ಮಾತು ಏನಿರಲಿಲ್ಲ. ಅವ್ವನ ಮೊಣಕಾಲು ನೋವು, ಹೊಲದಲ್ಲಿ ತೊಗರಿ ಎಷ್ಟು ಎತ್ತರ ಬಂದಿದೆ, ತಮ್ಮ ಶಾಲೆಗೆ ಹೋಗುತ್ತಾನೋ ಇಲ್ಲವೋ. ಮುಗಿದ ಮೇಲೆ ಆ ನಂಬರನ್ನ ನನ್ನ ಫೋನಿನಿಂದಲೂ ಅಳಿಸಿ ಕೊಟ್ಟಳು. ನನ್ನ ಫೋನು ಯಾರು ನೋಡ್ತಾರೆ? ಆದರೂ ಅಳಿಸಿದಳು. ರೂಢಿ ಬಿದ್ದು ಹೋಗಿತ್ತು.

ಆಮೇಲೆ ಗೊತ್ತಾಯಿತು. ದಿನಾ ರಾತ್ರಿ ಊಟ ಆದ ಮೇಲೆ ಗಂಡ ಅವಳ ಫೋನು ಇಸ್ಕೊಂಡು ಮೇಲಿಂದ ಕೆಳಗೆ ನೋಡುತ್ತಾನೆ. ಯಾರು ಫೋನ್ ಹಚ್ಚಿದರು, ಎಷ್ಟು ನಿಮಿಷ, ಏನು ಬರೆದರು. ತವರಿಗೆ ಹತ್ತು ನಿಮಿಷ ಮಾತಾಡಿದರೆ ಹತ್ತು ನಿಮಿಷಕ್ಕೂ ಲೆಕ್ಕ ಒಪ್ಪಿಸಬೇಕು. "ಲಾಕ್ ನಂಬರ್ ನಾನೇ ಹೇಳೀನ್ರಿ" ಅಂದಳು. ಯಾವಾಗ ಹೇಳಿದಿ ಅಂತ ಕೇಳಿದೆ. "ಮದಿವಿ ಆಗಿ ಮೂರನೇ ದಿನಕ್ಕ." ಮೂರನೇ ದಿನ! ಅಷ್ಟೊತ್ತಿಗೆ ಗಂಡನ ಚಹಾಕ್ಕೆ ಸಕ್ಕರೆ ಎಷ್ಟು ಅನ್ನೋದೇ ಗೊತ್ತಿರುವುದಿಲ್ಲ.

ಇವಳ ಗಂಡನನ್ನ ಬೈಯೋಕೆ ಈ ಪತ್ರ ಬರೀತಿದ್ದೀನಿ ಅಂದುಕೊಳ್ಳಬೇಡಿ. ಬೈಯೋ ಹಕ್ಕು ನನಗಿಲ್ಲ. ನಾನೂ ಅದೇ ಕೆಲಸ ಮಾಡಿದವಳು.

ನಮ್ಮ ಮನೆಯವರು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ನಾಲ್ಕು ವರ್ಷದ ಹಿಂದಿನ ಮಾತು. ತೊಗರಿ ಬರುವ ಹಂಗಾಮು, ರಾತ್ರಿ ತಡ ಆಗುತ್ತಿತ್ತು. ಅದು ಪ್ರತಿ ವರ್ಷದ್ದೇ. ಆ ವರ್ಷ ಮಾತ್ರ ಮನೆಗೆ ಬಂದ ಮೇಲೂ ಫೋನು ಬಿಡುತ್ತಿರಲಿಲ್ಲ. ಒಮ್ಮೆ ನಗುತ್ತಿದ್ದರು, ಒಮ್ಮೆ ಅಂಗಳಕ್ಕೆ ಹೋಗಿ ಸುಮ್ನೆ ನಿಲ್ಲುತ್ತಿದ್ದರು. ಕೇಳಿದರೆ "ಏನಿಲ್ಲ". ಈ "ಏನಿಲ್ಲ" ಅನ್ನೋ ಮಾತು ಇದೆಯಲ್ಲ, ಹೆಂಡತಿ ಹೊಟ್ಟೆಯಲ್ಲಿ ಬೆಂಕಿ ಹಾಕೋಕೆ ಬೇರೇನೂ ಬೇಡ.

ಅಂಗಡಿಯಲ್ಲಿ ಡಿಸೈನ್ ತೋರಿಸೋಕೆ ಅಂತ ಮಗನ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೆ. ಒಂದು ದಿನ ಅವರು ಸ್ನಾನಕ್ಕೆ ಹೋದಾಗ ಫೋನು ತಗೊಂಡೆ. ನಂಬರು ಮಗ ಹುಟ್ಟಿದ ವರ್ಷ, ಊಹೆ ಮಾಡೋಕೆ ಕಷ್ಟವೇನಿಲ್ಲ. ವಾಟ್ಸಾಪ್ ತೆಗೆದು ಲ್ಯಾಪ್‌ಟಾಪಿನ ಮೇಲಿನ ಕಪ್ಪು ಚೌಕಕ್ಕೆ ಹಿಡಿದೆ. ಅವರು ಮೈ ಒರೆಸಿಕೊಂಡು ಹೊರಗೆ ಬರೋ ಹೊತ್ತಿಗೆ ಅವರ ಇಡೀ ವಾಟ್ಸಾಪ್ ನನ್ನ ಅಂಗಡಿಗೆ ಬಂದು ಕೂತಿತ್ತು.

ನಲವತ್ತು ದಿನ ಓದಿದೆ. ಕಳ್ಳತನಕ್ಕೂ ಒಂದು ಶಿಸ್ತು ಬೇಕು ಅಂತ ಆಗ ಕಲಿತೆ. ಅವರು ಓದುವ ಮೊದಲೇ ನಾನು ತೆಗೆದರೆ ಕಳಿಸಿದವರಿಗೆ ನೀಲಿ ಗೀಟು ಕಾಣುತ್ತದೆ, ಇವರ ಫೋನಿನಲ್ಲಿ ಹೊಸ ಮೆಸೇಜ್ ಅಂತ ತೋರಿಸುವುದಿಲ್ಲ. ಅದಕ್ಕೇ ಮಧ್ಯಾಹ್ನ ಅವರು ಬುತ್ತಿ ಬಿಚ್ಚಿ, ರೊಟ್ಟಿ ತಿಂತಾ ಎಲ್ಲಾ ನೋಡಿ ಮುಗಿಸೋವರೆಗೆ ಕಾಯುತ್ತಿದ್ದೆ. ಎರಡೂವರೆ ಆದ ಮೇಲೆ ಲ್ಯಾಪ್‌ಟಾಪ್ ತೆಗೆಯುತ್ತಿದ್ದೆ. ಆ ನಲವತ್ತು ದಿನದಲ್ಲಿ ಎರಡು ಜಂಪರಿನ ತೋಳು ಉಲ್ಟಾ ಹೊಲಿದಿದ್ದೆ.

ಬೇರೆ ಹೆಂಗಸು ಯಾರೂ ಇರಲಿಲ್ಲ. ಇದ್ದದ್ದು ನನ್ನ ನಾದಿನಿ, ಅವರ ಬೆನ್ನಿಗೆ ಹುಟ್ಟಿದ ತಂಗಿ. ಅವಳಿಗೊಂದು ಕಷ್ಟ ಬಂದಿತ್ತು. ಅಣ್ಣನಿಗೆ ಮಾತ್ರ ಹೇಳಿಕೊಂಡಿದ್ದಳು. "ವೈನಿಗೂ ಹೇಳಬ್ಯಾಡ" ಅಂತ ಬರೆದಿದ್ದಳು. ಏನು ಕಷ್ಟ ಅನ್ನೋದನ್ನ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಮಾತಲ್ಲ. ಇಷ್ಟನ್ನೂ ಅವಳನ್ನ ಕೇಳಿ, ಅವಳು ಹೂಂ ಅಂದ ಮೇಲೇ ಬರೆಯುತ್ತಿದ್ದೇನೆ.

ಹೋಳಿ ಕಳೆದು ಶರಣಬಸವೇಶ್ವರ ಜಾತ್ರೆಗೆ ಅವಳೂ ಬಂದಿದ್ದಳು. ತೇರಿಗೆ ಬಾಳೆಹಣ್ಣು-ಉತ್ತತ್ತಿ ಎಸೆದು, ಬೆಂಡು-ಬತ್ತಾಸಿನ ಅಂಗಡಿ ಮುಂದೆ ನಿಂತಿದ್ದೆವು. ಸಮಾಧಾನ ಮಾಡೋಣ ಅಂತ ಎರಡು ಒಳ್ಳೆ ಮಾತು ಆಡಿದೆ. ಅಷ್ಟೇ. ಆ ಎರಡು ಮಾತು ವಿಷಯ ಗೊತ್ತಿದ್ದವರು ಮಾತ್ರ ಆಡೋ ಮಾತು. ಅವಳು ಬತ್ತಾಸಿನ ಪೊಟ್ಟಣ ಕೈಯಲ್ಲಿ ಹಿಡಿದು ನನ್ನನ್ನ ನೋಡಿದಳು, ಆಮೇಲೆ ಅಣ್ಣನನ್ನ ನೋಡಿದಳು. ಅಣ್ಣ ಹೇಳಿಬಿಟ್ಟ ಅಂದುಕೊಂಡಳು ಪಾಪ. ಅವರಿಗೋ ತಲೆಬುಡ ಗೊತ್ತಿಲ್ಲ. ರಾತ್ರಿ ಮನೆಯಲ್ಲಿ ನಾನೇ ಒಪ್ಪಿಕೊಂಡೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ದಿನಾ ರಾತ್ರಿ ತಮ್ಮ ಫೋನು ತಂದು ಅಡುಗೆಮನೆಯಲ್ಲಿ ರೊಟ್ಟಿ ಬುಟ್ಟಿ ಪಕ್ಕ ಇಡುತ್ತಾರೆ, ಕೀಲಿ ಹಾಕದೆ. ನಾನು ಮುಟ್ಟುವುದಿಲ್ಲ. ತಂಗಿ ಆಮೇಲೆ ಅಣ್ಣನಿಗೆ ಮೊದಲಿನ ಹಾಗೆ ಬರೆಯಲೇ ಇಲ್ಲ. ಹಬ್ಬಕ್ಕೆ ಶುಭಾಶಯ, ಮಕ್ಕಳ ಫೋಟೋ, ಅಷ್ಟೇ. ಅವಳಿಗೆ ಇದ್ದ ಒಂದು ಜಾಗ ನನ್ನಿಂದ ಹೋಯಿತು.

ಹಿರಿಯರೇ, ನಾನು ಹೇಳಬೇಕು ಅಂದುಕೊಂಡಿರೋದು ಇದೇ. ಗಂಡನ ಫೋನು ಓದಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲ. ಗಂಡನಿಗೆ ಬರೆದವರನ್ನ ಓದಿರುತ್ತೇವೆ. ಗಂಡ-ಹೆಂಡತಿ ಒಂದೇ, ಅವರಲ್ಲಿ ಮುಚ್ಚುಮರೆ ಏನು ಅಂತೀರಿ. ಆಯಿತು, ಒಂದೇ ಅಂತಾನೇ ಇಟ್ಟುಕೊಳ್ಳೋಣ. ಆದರೆ ನನ್ನ ನಾದಿನಿ ನನ್ನನ್ನ ಮದುವೆ ಆಗಿಲ್ಲ ಅಲ್ವಾ?

ಈಗ ನಿಮ್ಮ ಪಂಚಾಯ್ತಿಯ ಮಾತು. ಹೋದ ಬೇಸಿಗೆಯಲ್ಲಿ ಬೀಗರೊಬ್ಬರ ಊರಿಗೆ ಹೋಗಿದ್ದೆ. ಜಗಳದಲ್ಲಿರೋ ಗಂಡ-ಹೆಂಡತಿಯನ್ನ ಕೂಡಿಸೋಕೆ ಹಿರಿಯರು ಸೇರಿದ್ದರು. ಒಳ್ಳೆಯ ಮನಸ್ಸಿನಿಂದಲೇ ಬಂದವರು, ಅದರಲ್ಲಿ ಎರಡು ಮಾತಿಲ್ಲ. ಹೊರಗೆ ಬಿಸಿಲು ಧಗಧಗ ಅನ್ನುತ್ತಿತ್ತು, ಪಡಸಾಲೆಯಲ್ಲಿ ಹದಿನೈದು ಜನ, ಒಂದು ಕೂಲರು. ಗಂಡನಿಗೆ ಸಂಶಯ. ಹಿರಿಯರೊಬ್ಬರು "ಸಂಶಯ ಯಾಕ, ಫೋನ್ ತರ್ರಿ, ಎಲ್ಲಾರ ಮುಂದ ತಗೀರಿ" ಅಂದರು. ಹುಡುಗಿ ಕೊಟ್ಟಳು. ಕೊಡದಿದ್ದರೆ ಕಳ್ಳಿ ಅಂತಾರಲ್ಲ.

ಫೋನು ಕೈಯಿಂದ ಕೈಗೆ ಹೋಯಿತು, ಅಡಿಕೆ-ಎಲೆ ತಟ್ಟೆ ಹೋದ ಹಾಗೆ. ಯಾವ ಗಂಡಸಿನ ಮೆಸೇಜೂ ಇರಲಿಲ್ಲ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಯಾದಗಿರಿ ಕಡೆ ಕೊಟ್ಟ ಒಬ್ಬ ಗೆಳತಿಗೆ ಕಳಿಸಿದ ವಾಯ್ಸ್ ಮೆಸೇಜ್ ಸಿಕ್ಕಿತು, ಯಾರೋ ಒತ್ತಿದರು. "ನಮ್ಮತ್ತಿ ಅಡಗಿಗೆ ಉಪ್ಪು ಹಾಕೂದು ಆಕಿ ಮನಸ್ಸಿನಷ್ಟೇ ಸಣ್ಣ ಚಮಚದಾಗ" ಅಂತ ಹುಡುಗಿಯ ಧ್ವನಿ ಪಡಸಾಲೆ ತುಂಬ ಕೇಳಿತು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಅತ್ತೆ ನಗಲಿಲ್ಲ. ಅದರ ಕೆಳಗೇ ಆ ಗೆಳತಿ ಕಳಿಸಿದ ಉತ್ತರ ಇತ್ತು. ಅವಳ ಮನೆಯ ಸಂಕಟ, ಅವಳ ಗಂಡನ ಕುಡಿತ. ಅದನ್ನೂ ಕೇಳಿದರು. ಆ ಹುಡುಗಿ ಅಲ್ಲಿಂದ ನೂರು ಕಿಲೋಮೀಟರ್ ದೂರದಲ್ಲಿ ರೊಟ್ಟಿ ಬಡಿಯುತ್ತಿದ್ದಳೋ ಏನೋ. ತನ್ನ ಮನೆಯ ಮಾತು ಹದಿನೈದು ಜನರ ನಡುವೆ ಬಿದ್ದಿದೆ ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಸಂಶಯ ಬಗೆಹರಿಯಿತು. ಸಂಸಾರ ಬಗೆಹರಿಯಲಿಲ್ಲ, ಉಪ್ಪಿನ ಮಾತಿಗೆ ಕೆಟ್ಟಿತು. ಅತ್ತೆ-ಸೊಸೆ ಇವತ್ತಿಗೂ ಬೇರೆ ಒಲೆ.

ನನ್ನ ಹತ್ತಿರ ಕರಿ ಕೋಟು ಸರಿ ಮಾಡಿಸಿಕೊಳ್ಳೋ ಒಬ್ಬ ವಕೀಲಮ್ಮ ಇದ್ದಾರೆ. ಕೋಟಿನ ಕೂಲಿ ತಗೊಳ್ಳಲ್ಲ, ಬದಲಿಗೆ ಕಾನೂನು ಕೇಳ್ತೀನಿ. ಅವರು ಹೇಳಿದ್ದನ್ನ ನನಗೆ ತಿಳಿದಷ್ಟು ಬರೆಯುತ್ತೇನೆ, ತಪ್ಪಿದ್ದರೆ ಪ್ರಾಧಿಕಾರದವರು ತಿದ್ದಬೇಕು.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ಜನ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಂದೇ ದನಿಯಲ್ಲಿ ಹೇಳಿದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಆದರೆ ಅದು ಮುಖ್ಯವಾಗಿ ಸರ್ಕಾರ ಮತ್ತು ಪ್ರಜೆಯ ನಡುವಿನ ಮಾತು. ಮಲಗುವ ಕೋಣೆಯೊಳಗೆ ಈ ಹಕ್ಕು ಎಷ್ಟು ದೂರ ಬರುತ್ತದೆ ಅನ್ನೋದೇ ತಕರಾರು.

ಈಚೆಗೆ ಒಂದು ತೀರ್ಪು ಬಂತು, ಅದರ ಬಗ್ಗೆ ಊರ ತುಂಬ ತಪ್ಪು ಮಾತು ಹಬ್ಬಿದೆ. 2025ರ ಜುಲೈ 14ರ ತೀರ್ಪು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಕೊಟ್ಟದ್ದು. ಪಂಜಾಬಿನ ಬಟಿಂಡಾದ ಕೇಸು. ಗಂಡ ತಾನು ಹೆಂಡತಿ ಜೊತೆ ಆಡಿದ ಫೋನ್ ಮಾತನ್ನ ಅವಳಿಗೆ ಹೇಳದೆ ರೆಕಾರ್ಡ್ ಮಾಡಿಟ್ಟಿದ್ದ. ವಿಚ್ಛೇದನದ ಕೇಸಿನಲ್ಲಿ ಅದನ್ನ ಸಾಕ್ಷಿಯಾಗಿ ತರಬಹುದು ಅಂತ ಕೋರ್ಟು ಹೇಳಿತು. ಅಷ್ಟಕ್ಕೆ "ಇನ್ನ ಹೆಂಡ್ತಿ ಫೋನ್ ನೋಡಬೌದಂತ, ಸುಪ್ರೀಂ ಕೋರ್ಟೇ ಹೇಳೇದ" ಅಂತ ಚಹಾದಂಗಡಿಯಲ್ಲಿ ಮಾತು. ಹಾಗಲ್ಲ. ಅಲ್ಲಿ ರೆಕಾರ್ಡ್ ಆದದ್ದು ಅವರಿಬ್ಬರದೇ ಮಾತು, ಅವಳು ಬೇರೆ ಯಾರಿಗೋ ಬರೆದದ್ದಲ್ಲ. ಕೋರ್ಟು ನೋಡಿದ್ದು ಸಾಕ್ಷಿ ನಡೆಯುತ್ತದೋ ಇಲ್ಲವೋ ಅನ್ನೋದನ್ನ. ದಿನಾ ರಾತ್ರಿ ಊಟ ಆದ ಮೇಲೆ ಫೋನು ಕಸ್ಕೊಂಡು ಕೂರೋಕೆ ಯಾರೂ ಪರವಾನಗಿ ಕೊಟ್ಟಿಲ್ಲ. ಒಬ್ಬರ ಮೇಲೊಬ್ಬರು ಕಣ್ಣಿಡೋ ಮಟ್ಟಕ್ಕೆ ಬಂದಿದ್ದಾರೆ ಅಂದರೆ ಆ ಸಂಸಾರ ಮೊದಲೇ ಮುರಿದಿದೆ ಅನ್ನೋ ಅರ್ಥದ ಮಾತೂ ಅದೇ ತೀರ್ಪಿನಲ್ಲಿದೆ. ಅದನ್ನ ಚಹಾದಂಗಡಿಯಲ್ಲಿ ಯಾರೂ ಹೇಳಲ್ಲ.

ಅದೇ ವರ್ಷ ಛತ್ತೀಸಗಡ ಹೈಕೋರ್ಟು, ಫೋನಿನದೋ ಬ್ಯಾಂಕಿನದೋ ಪಾಸ್‌ವರ್ಡ್ ಕೊಡು ಅಂತ ಹೆಂಡತಿಯನ್ನ ಗಂಡ ಒತ್ತಾಯ ಮಾಡುವಂತಿಲ್ಲ ಅಂದಿತು. ನಮ್ಮ ಹೈಕೋರ್ಟಿನ ಧಾರವಾಡ ಪೀಠ 2023ರಲ್ಲಿ ಇನ್ನೊಂದು ಕಡೆಯಿಂದ ಹೇಳಿತು. ಹುಬ್ಬಳ್ಳಿಯ ಹೆಂಗಸೊಬ್ಬರು ಜೀವನಾಂಶಕ್ಕಾಗಿ ಗಂಡನ ಆಧಾರ್ ವಿವರ ಕೇಳಿದ್ದರು. ಮದುವೆ ಆಗಿದೆ ಅಂದ ಮಾತ್ರಕ್ಕೆ ಗಂಡನ ಖಾಸಗಿ ಹಕ್ಕು ಹೋಗಲ್ಲ, ಅವನ ಮಾತು ಕೇಳದೆ ಕೊಡೋ ಹಾಗಿಲ್ಲ ಅಂದರು. ಆ ಹೆಣ್ಣುಮಗಳ ಪರ ನನ್ನ ಕರುಳು ಚುರ್ ಅಂತು, ಅದು ಬೇರೆ.

ನನಗೆ ಎಲ್ಲಕ್ಕಿಂತ ಹತ್ತಿರ ಅನಿಸಿದ್ದು 2022ರ ಕೊನೆಯಲ್ಲಿ ನಮ್ಮ ಹೈಕೋರ್ಟೇ ಕೊಟ್ಟ ತೀರ್ಪು. ಹೆಂಡತಿಗೂ ಒಬ್ಬನಿಗೂ ಸಂಬಂಧ ಇದೆ ಅಂತ ಸಾಬೀತು ಮಾಡೋಕೆ ಗಂಡ ಆ ಮೂರನೇ ಮನುಷ್ಯನ ಮೊಬೈಲ್ ಟವರ್ ವಿವರ ಕೇಳಿದ್ದ. ಫ್ಯಾಮಿಲಿ ಕೋರ್ಟು ಆಗಲಿ ಅಂದಿತ್ತು. ಹೈಕೋರ್ಟು ಅದನ್ನ ರದ್ದು ಮಾಡಿತು. ಗಂಡ-ಹೆಂಡತಿ ಕೇಸಿಗಾಗಿ ಹೊರಗಿನವನ ಖಾಸಗಿತನ ಮುರಿಯೋಕಾಗಲ್ಲ ಅಂದಿತು. ಇದನ್ನ ಕೇಳಿದಾಗ ಮಷೀನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಬತ್ತಾಸಿನ ಅಂಗಡಿ ಮುಂದೆ ನಿಂತ ನಾದಿನಿ ಮುಖ ನೆನಪಾಯಿತು.

ಇನ್ನು ಶಿಕ್ಷೆಯ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಇದೆ. ಹೆಣ್ಣುಮಗಳೊಬ್ಬಳ ಇಂಟರ್ನೆಟ್, ಇಮೇಲ್, ಮೆಸೇಜ್ ಬಳಕೆ ಮೇಲೆ ಗಂಡಸು ಕಣ್ಣಿಟ್ಟರೆ ಅದನ್ನ ಹಿಂಬಾಲಿಸಿ ಕಾಡೋ ಅಪರಾಧ ಅಂತ ಅದು ಎಣಿಸುತ್ತದೆ. ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು. ಗಂಡನಿಗೆ ರಿಯಾಯಿತಿ ಅಂತ ಅದರಲ್ಲಿ ಬರೆದಿಲ್ಲ. ಸರಿಯಾದ ಕಾರಣ ಇದ್ದರೆ ಅನ್ನೋ ಒಂದು ಸಂದು ಮಾತ್ರ ಇದೆ, ವಕೀಲರು ಅದರಲ್ಲಿ ನುಗ್ಗುತ್ತಾರೆ. ಹೆಂಡತಿ ಮಾಡಿದರೆ? ಅದಕ್ಕೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಇದೆ. ಒಪ್ಪಿಗೆ ಇಲ್ಲದೆ ಬೇರೆಯವರ ಕಂಪ್ಯೂಟರು, ಫೋನು ಹೊಕ್ಕರೆ ತಪ್ಪು. ಮೋಸದ ಬುದ್ಧಿಯಿಂದ ಮಾಡಿದ್ದು ಅಂತ ಸಾಬೀತಾದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಇಲ್ಲ ಎರಡೂ. "ಅಕ್ಕೋರೆ, ನೀವೂ ಇದರಾಗ ಬರ್ತೀರಿ" ಅಂತ ವಕೀಲಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮ ಆಯಿಯ, ಅಂದರೆ ಅಜ್ಜಿಯ ಹತ್ತಿರ ಒಂದು ತಗಡಿನ ಟ್ರಂಕು ಇತ್ತು, ತವರಿನಿಂದ ತಂದದ್ದು. ಕೀಲಿಕೈ ಅವಳ ಸೊಂಟದಲ್ಲಿ. ಮುತ್ಯಾ ಸಿಟ್ಟಿನ ಮನುಷ್ಯ, ಆಯಿಯ ಮೇಲೆ ದಿನಾ ಕೂಗಾಡುತ್ತಿದ್ದ, ಅವನೇನು ದೇವರಲ್ಲ. ಆದರೆ ಆ ಕೀಲಿಕೈ ಒಂದು ದಿನವೂ ಕೇಳಲಿಲ್ಲ. ಅವಳ ಅತ್ತೆಯೂ ಕೇಳಿರಲಿಲ್ಲವಂತೆ. ಟ್ರಂಕು ಅವಳದು, ಮಾತು ಮುಗೀತು. ಸತ್ತ ಮೇಲೆ ತೆಗೆದೆವು. ಎರಡು ಇಳಕಲ್ ಸೀರೆ, ಒಂದು ಬೆಳ್ಳಿ ಉಡಿದಾರ, ಅರಿವೆಯಲ್ಲಿ ಸುತ್ತಿಟ್ಟ ರಟ್ಟಿನ ರೈಲ್ ಟಿಕೀಟು, ವಾಡಿಯಿಂದ ಸೊಲ್ಲಾಪುರಕ್ಕೆ. ಆಯಿ ಸೊಲ್ಲಾಪುರಕ್ಕೆ ಯಾವಾಗ ಹೋಗಿದ್ದಳು, ಯಾಕೆ ಹೋಗಿದ್ದಳು, ಯಾರಿಗೂ ಗೊತ್ತಿಲ್ಲ. ನಾವೆಲ್ಲ ಮುತ್ಯಾನ ಮುಖ ನೋಡಿದೆವು. "ಇರ್ಲಿ ಬಿಡ್ರಿ, ಆಕಿದು" ಅಂದ. ಟಿಕೀಟು ವಾಪಸ್ ಅರಿವೆಯಲ್ಲಿ ಸುತ್ತಿದ.

ಹಿರಿಯರು ಯಾವಾಗಲೂ "ನಮ್ಮ ಕಾಲದಾಗ ಇದೆಲ್ಲಾ ಇರಲಿಲ್ಲ, ಗಂಡ-ಹೆಂಡ್ತಿ ನಡುವ ಎಂಥಾ ಗುಟ್ಟು" ಅಂತೀರಲ್ಲ, ಅದಕ್ಕೆ ಈ ಟ್ರಂಕಿನ ಮಾತು ತೆಗೆದೆ. ನಿಮ್ಮ ಮನೆಯಲ್ಲೂ ಒಂದು ಟ್ರಂಕು ಇತ್ತು, ನೆನಪು ಮಾಡಿಕೊಳ್ಳಿ. ಊರಿಗೆ ಇನ್‌ಲ್ಯಾಂಡ್ ಪತ್ರ ತರುತ್ತಿದ್ದ ಅಂಚೆಯಣ್ಣನೂ ಇದ್ದ. ಓದು ಬಾರದ ಹೆಂಗಸರಿಗೆ ಕಟ್ಟೆ ಮೇಲೆ ಕೂತು ಅವನೇ ಓದಿ ಹೇಳುತ್ತಿದ್ದ. ಎಲ್ಲರ ಮನೆ ಸುದ್ದಿ ಅವನಿಗೆ ಗೊತ್ತಿತ್ತು, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೇಳಲಿಲ್ಲ. ಈಗ ವಾಟ್ಸಾಪಿನವರು 2016ರಿಂದ ಮೆಸೇಜಿಗೆ ಕೀಲಿ ಹಾಕಿದ್ದಾರೆ, ಮಧ್ಯದಲ್ಲಿ ಕಂಪನಿಯವರೂ ಓದೋಕಾಗಲ್ಲವಂತೆ. ಪಕ್ಕದ ದಿಂಬಿನಿಂದ ಕೈ ಚಾಚಿ ಓದೋರಿಗೆ ಯಾವ ಕೀಲಿ ಹಾಕ್ತಾರೆ?

ಒಂದು ಮಾತು ಒಪ್ಪುತ್ತೇನೆ. ಎಲ್ಲ ಸಲವೂ ಓದಿದ್ದು ತಪ್ಪು ಅನ್ನೋಕೆ ನನ್ನ ಬಾಯಿ ಬರುವುದಿಲ್ಲ. ಹೊಡೆತ ತಿನ್ನೋ ಹೆಂಗಸು, ಗಂಡ ಬೆದರಿಕೆ ಹಾಕಿದ ಮೆಸೇಜಿನ ಫೋಟೋ ತೆಗೆದಿಟ್ಟುಕೊಂಡರೆ ಇಟ್ಟುಕೊಳ್ಳಲಿ. ಅದು ಅವಳಿಗೇ ಬಂದ ಮೆಸೇಜು. ಗಂಡ ಎರಡನೇ ಮದುವೆಗೆ ಓಡಾಡ್ತಿದ್ದಾನೆ ಅಂತ ಅವನ ಫೋನಿನಿಂದಲೇ ತಿಳಿದವರೂ ನನ್ನ ಗಿರಾಕಿಗಳಲ್ಲಿ ಇದ್ದಾರೆ, ಅವರಿಗೆ ನಾನು ಬುದ್ಧಿ ಹೇಳಲಾರೆ. ಒಂದೇ ಫೋನಿನಲ್ಲಿ ಇಡೀ ಮನೆ ನಡೆಸೋ ಬಡವರ ಕಥೆಯೂ ಬೇರೆ. ಮಕ್ಕಳ ಶಾಲೆ ಗ್ರೂಪು, ಗ್ಯಾಸಿನ ಓಟಿಪಿ, ಮುಂಬೈಗೆ ದುಡಿಯೋಕೆ ಹೋದ ಗಂಡನ ಫೋನು, ಎಲ್ಲ ಅದರಲ್ಲೇ. ಆದರೆ ಅಂಥ ಮನೆಗಳಲ್ಲೂ "ಇದು ಆಕಿಗಿ ಬಂದದ್ದು" ಅಂತ ಫೋನು ಕೈಗೆ ಕೊಟ್ಟು ಆಚೆ ಹೋಗೋ ಗಂಡಂದಿರನ್ನ ನೋಡಿದ್ದೇನೆ. ಕಲಿತವರಲ್ಲಿ ಕಂಡದ್ದು ಕಡಿಮೆ.

ಪ್ರಾಧಿಕಾರದವರಿಗೆ ನನ್ನ ವಿನಂತಿ ದೊಡ್ಡದೇನಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಫೋನ್ ಹಚ್ಚಬಹುದು, ಇದು ನನಗೆ ಗೊತ್ತಾದದ್ದೇ ಒಂದು ಅರಿವು ಶಿಬಿರದಲ್ಲಿ. ಅಲ್ಲಿ ಬಾಲ್ಯವಿವಾಹದ ಬಗ್ಗೆ, ವರದಕ್ಷಿಣೆ ಬಗ್ಗೆ ಚೆನ್ನಾಗಿ ಹೇಳಿದರು. ಫೋನಿನ ಮಾತು ಬಂದಾಗ ಬ್ಯಾಂಕ್ ಮೋಸದ್ದು ಮಾತ್ರ ಬಂತು. ಮನೆಯೊಳಗಿನ ಫೋನಿನ ಬಗ್ಗೆಯೂ ಅರ್ಧ ಗಂಟೆ ಮಾತಾಡಿ. ವಾಟ್ಸಾಪಿನ ಮೂರು ಚುಕ್ಕೆ ಒತ್ತಿ "ಲಿಂಕ್ಡ್ ಡಿವೈಸಸ್" ನೋಡಿದರೆ ನಮ್ಮ ಮೆಸೇಜು ಇನ್ನೆಲ್ಲಿ ತೆರೆದಿದೆ ಅಂತ ಕಾಣುತ್ತದೆ, ಬೇಡದ್ದನ್ನ ಅಲ್ಲೇ ತೆಗೆದುಹಾಕಬಹುದು. ಇದನ್ನ ಕೈಯಲ್ಲಿ ಫೋನು ಹಿಡಿಸಿ ತೋರಿಸಿ. ನಾನು ಮಾಡಿದ್ದು ಆಗ ನಮ್ಮ ಮನೆಯವರಿಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಗಂಡ-ಹೆಂಡತಿಯನ್ನ ಮಾತಿಗೆ ಕರೆದಾಗ ಇಬ್ಬರನ್ನೂ ಬೇರೆ ಬೇರೆ ಕೂಡಿಸಿ, "ಫೋನು ಯಾರ ಕೈಯಲ್ಲಿ ಇರುತ್ತದೆ" ಅಂತ ಒಂದು ಪ್ರಶ್ನೆ ಕೇಳಿ. ಜಾಸ್ತಿ ಬೇಡ.

ಹಿರಿಯರಿಗೆ ಇನ್ನೂ ಸಣ್ಣದು. ಪಡಸಾಲೆಯಲ್ಲಿ ಫೋನು ತರಿಸಬೇಡಿ. ಸಾಕ್ಷಿ ಬೇಕೇ ಬೇಕು ಅನ್ನೋ ಹಾಗಿದ್ದರೆ ಆ ಜಗಳ ಪಡಸಾಲೆ ದಾಟಿದೆ ಅಂತ ತಿಳಿದು ವಕೀಲರ ಹತ್ತಿರ ಕಳಿಸಿ. ಕಲಬುರಗಿಯಲ್ಲೇ ಫ್ಯಾಮಿಲಿ ಕೋರ್ಟು ಇದೆ, 2013ರಿಂದ ಹೈಕೋರ್ಟಿನ ಕಾಯಂ ಪೀಠವೂ ಇದೆ, ಬೆಂಗಳೂರಿಗೆ ಹೋಗಬೇಕು ಅನ್ನೋ ನೆಪ ಇಲ್ಲ.

ಆ ಹುಡುಗಿ ಈಗಲೂ ಬರುತ್ತಾಳೆ, ಹದಿನೈದು ದಿನಕ್ಕೊಮ್ಮೆ. ಹೊಲಿಸೋದು ಏನೂ ಇಲ್ಲದಿದ್ದರೆ ಗುಂಡಿ ಕಿತ್ತ ಜಂಪರ್ ಒಂದನ್ನ ತರುತ್ತಾಳೆ. ಗುಂಡಿ ಅವಳೇ ಕಿತ್ತು ತರುತ್ತಾಳೆ ಅಂತ ನನ್ನ ಗುಮಾನಿ. ನಾನು ಗುಂಡಿ ಹಚ್ಚುತ್ತೇನೆ, ಅವಳು ಅವ್ವನಿಗೆ ಫೋನ್ ಹಚ್ಚುತ್ತಾಳೆ.

ಶಿಬಿರಕ್ಕೆ ಜಾಗ ಬೇಕಿದ್ದರೆ ನನ್ನ ಅಂಗಡಿ ಮುಂದೆ ಕಟ್ಟೆ ಇದೆ, ಬೇವಿನ ನೆರಳಿದೆ, ಮೂವತ್ತು ಹೆಂಗಸರು ಆರಾಮಾಗಿ ಕೂಡಬಹುದು. ಮಧ್ಯಾಹ್ನ ಎರಡೂವರೆ ಮೇಲೆ ಬನ್ನಿ. ಆ ಹೊತ್ತಿಗೆ ನನಗೀಗ ಬೇರೆ ಕೆಲಸ ಇರುವುದಿಲ್ಲ. ನಾಗರಪಂಚಮಿಗೆ ಮೊದಲಿನ ವಾರ ಮಾತ್ರ ಬೇಡ, ಜಂಪರಿನ ರಾಶಿ ಬಿದ್ದಿರುತ್ತದೆ. ಚಹಾ ನನ್ನದು.

ಇಂತಿ,
ಶಹಾಬಜಾರಿನ ಹೊಲಿಗೆ ಅಕ್ಕ
ಕಲಬುರಗಿ